ಪಿಇಡಿ ಕಾಲಂನಲ್ಲಿ ನಾನು ಒತ್ತಿದ ‘ಇಲ್ಲ’

ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ಒಂದು ಟ್ರಾವೆಲ್ಸ್ ಕಚೇರಿಯ ಟಿಕೆಟಿಂಗ್ ಕೌಂಟರ್‌ನಲ್ಲಿ ನಾನು ಕುಳಿತು ಹನ್ನೊಂದು ವರ್ಷಗಳಾದವು. ನಮ್ಮ ಯಜಮಾನರ ಲೆಕ್ಕದಲ್ಲಿ ಪ್ರಯಾಣ ವಿಮೆ ಎಂಬುದು ಪ್ರತಿ ಅಂತರರಾಷ್ಟ್ರೀಯ ಪಿಎನ್‌ಆರ್‌ಗೆ ‘ಅಟ್ಯಾಚ್’ ಆಗಬೇಕಾದ ಒಂದು ವಸ್ತು; ತಿಂಗಳ ಕೊನೆಯಲ್ಲಿ ಎಷ್ಟು ಅಟ್ಯಾಚ್ ಆಯಿತು ಎಂದು ಕೇಳುತ್ತಾರೆಯೇ ಹೊರತು ಏನನ್ನು ಮಾರಿದೆ ಎಂದು ಇದುವರೆಗೆ ಒಮ್ಮೆಯೂ ಕೇಳಿಲ್ಲ. ನಾನೂ ಹಾಗೆಯೇ ಮಾರುತ್ತಿದ್ದೆ.

ತಿಪಟೂರಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಗಳ ಬಾಣಂತನಕ್ಕೆಂದು ಹೆಂಡತಿಯೊಡನೆ ನ್ಯೂಜೆರ್ಸಿಗೆ ಹೊರಟಿದ್ದರು. ಅವರಿಗೆ 67 ವರ್ಷ. ಯುರೋಪಿನ ಷೆಂಗೆನ್ ವೀಸಾ ಆಗಿದ್ದರೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ರಕ್ಷಣೆಯ ಪತ್ರವನ್ನು ಲಗತ್ತಿಸಲೇಬೇಕಾದ್ದರಿಂದ ನಾವು ಪಾಲಿಸಿಯನ್ನು ಒಂದಿಷ್ಟಾದರೂ ಓದಿ ಕೊಡುತ್ತೇವೆ. ಚಿಕಿತ್ಸೆಯ ಖರ್ಚು ವಿಪರೀತವಾಗಿರುವ ಅಮೆರಿಕದ ಸಂದರ್ಶಕ ವೀಸಾಕ್ಕೆ ಮಾತ್ರ ಅಂಥ ಪತ್ರವನ್ನು ಯಾರೂ ಕಡ್ಡಾಯವಾಗಿ ಕೇಳುವುದಿಲ್ಲ. ಮೇಷ್ಟ್ರಿಗೂ ವಿಮೆಯೆಂದರೆ ರೈಲು ಟಿಕೆಟ್ಟಿನ ಜೊತೆ 45 ಪೈಸೆಗೆ ಬರುವ ಒಂದು ಟಿಕ್ ಗುರುತು. ಅದು ರೈಲು ಅಪಘಾತದಂಥ ಅವಘಡಗಳಿಗಷ್ಟೇ ಅನ್ವಯಿಸುತ್ತದೆ, ರೈಲಿನಲ್ಲಿ ಎದೆ ನೋವು ಬಂದರೆ ಒಂದು ಕಾಸೂ ಸಿಗುವುದಿಲ್ಲ ಎಂಬುದನ್ನು ಆ ದಿನ ಅವರಿಗೆ ವಿವರಿಸಿದವಳು ನಾನೇ. ಅಷ್ಟು ತಿಳಿದವಳು ಮುಂದಿನ ಐದು ನಿಮಿಷದಲ್ಲಿ ಮಾಡಿದ ಕೆಲಸವನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ಪೋರ್ಟಲ್‌ನಲ್ಲಿ ಪಿಇಡಿ, ಅಂದರೆ ಮೊದಲಿನಿಂದಲೇ ಇರುವ ಕಾಯಿಲೆಗಳ ಕಾಲಂ ಬಂದಾಗ ನಾನು ತಲೆಯೆತ್ತದೆಯೇ “ಆರೋಗ್ಯವೆಲ್ಲ ಚೆನ್ನಾಗಿದೆಯಲ್ಲವೇ ಮೇಷ್ಟ್ರೇ?” ಎಂದು ಕೇಳಿದೆ. ಬೆಳಿಗ್ಗೆ ಎದ್ದು ತೋಟ ಸುತ್ತಿ ಬರುವ, ಮಟ್ಟೆ ಸುಲಿಯುವ ಆಳು ಬರದ ದಿನ ತಾವೇ ಕಾಯಿ ಸುಲಿಯುವ ಮನುಷ್ಯ ಅದಕ್ಕೆ ಬೇರೇನು ಉತ್ತರ ಕೊಟ್ಟಾರು? “ದೇವರು ಗಟ್ಟಿಯಾಗಿಟ್ಟಿದ್ದಾನೆ ಕಣಮ್ಮಾ” ಎಂದರು. ನಾನು ‘ಇಲ್ಲ’ ಎಂಬುದನ್ನು ಒತ್ತಿದೆ. ಅವರ ಮೊಬೈಲಿಗೆ ಒಟಿಪಿ ಬಂತು. ಕನ್ನಡಕ ಏರಿಸಿ ಆರು ಅಂಕಿಗಳನ್ನು ಪಾಠ ಒಪ್ಪಿಸುವಂತೆ ಓದಿ ಹೇಳಿದರು. ಅಲ್ಲಿಗೆ, ತಮಗೆ ಯಾವ ಪೂರ್ವ ಕಾಯಿಲೆಯೂ ಇಲ್ಲವೆಂದು ಅವರೇ ಘೋಷಿಸಿದಂತಾಯಿತು. ಮೊತ್ತದ ಕಾಲಂನಲ್ಲಿ ಮೊದಲು ಕಾಣುವ 50,000 ಡಾಲರ್‌ ಪ್ಲಾನನ್ನೇ ಬಿಟ್ಟೆ. ಪೂರ್ವ ಕಾಯಿಲೆಯಿಂದ ಜೀವಕ್ಕೆ ಅಪಾಯವಾಗುವ ತುರ್ತು ಸಂದರ್ಭಕ್ಕೂ ರಕ್ಷಣೆ ಇರುವ, ಒಳಮಿತಿಗಳಿಲ್ಲದ (ಒಂದೊಂದು ಖರ್ಚಿಗೂ ಬೇರೆ ಬೇರೆ ಗರಿಷ್ಠ ಮೊತ್ತ ಹಾಕದ) ದೊಡ್ಡ ಪ್ಲಾನ್ ಅದರ ಕೆಳಗೇ ಇತ್ತು. ಇಬ್ಬರಿಗೂ ಸೇರಿ ಆರು ಸಾವಿರ ಚಿಲ್ಲರೆ ಹೆಚ್ಚಾಗುತ್ತಿತ್ತು. ಗಿರಾಕಿ ಹಿಂಜರಿದರೆ ಅಟ್ಯಾಚ್ ತಪ್ಪೀತೆಂದು ನಾನು ಅದರ ಮಾತೇ ಎತ್ತಲಿಲ್ಲ.

ಅವರು ಹೋಗಿ ಐದನೆಯ ವಾರ, ರಾತ್ರಿ ಹತ್ತೂಕಾಲಿನ ಹೊತ್ತಿಗೆ ಮಗಳು ವಾಟ್ಸಾಪ್‌ನಲ್ಲಿ ಕರೆ ಮಾಡಿದಳು. ಅಲ್ಲಿ ಆಗ ಮಧ್ಯಾಹ್ನ. ತಂದೆಗೆ ಎದೆ ನೋವು ಬಂದು ತುರ್ತು ವಿಭಾಗಕ್ಕೆ ಸೇರಿಸಿದ್ದಾರೆ, ಸ್ಟೆಂಟ್ ಹಾಕಬೇಕೆನ್ನುತ್ತಿದ್ದಾರೆ, ಆಸ್ಪತ್ರೆಯವರು ವಿಮೆ ಕೇಳುತ್ತಿದ್ದಾರೆ, ಪಾಲಿಸಿ ಅಪ್ಪನ ಮೇಲ್‌ನಲ್ಲೇ ಉಳಿದಿದೆ ಎಂದಳು. ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಪಿಡಿಎಫ್ ತೆರೆದು, ಮೊದಲು ಟಿಪಿಎಯ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮುಗಳನ್ನು ನೋಡಿಕೊಳ್ಳುವ ಸಂಸ್ಥೆಯ, ಸಹಾಯವಾಣಿ ಸಂಖ್ಯೆಯನ್ನು ಕಳಿಸಿದೆ. ನಂತರ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ, ಆ ಪಾಲಿಸಿಯ ಷರತ್ತುಗಳನ್ನು ಪೂರ್ತಿ ಓದಲು ತೊಡಗಿದೆ. ಅರವತ್ತು ದಾಟಿದವರಿಗೆ ಪ್ರತ್ಯೇಕ ಕೋಷ್ಟಕ: ಕೋಣೆಗೆ ದಿನಕ್ಕಿಷ್ಟು, ಐಸಿಯುಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಗರಿಷ್ಠ 10,000 ಡಾಲರ್. ಅಂದರೆ ನಾನು ಮಾರಿದ 50,000 ಎಂಬುದು ಮುಖಪುಟದ ಅಂಕಿ ಮಾತ್ರ. ಓದುತ್ತಿದ್ದ ಹಾಗೇ ಮಗಳ ಎರಡನೆಯ ಕರೆ ಬಂತು. ಅಪ್ಪ ಒಂಬತ್ತು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಅದನ್ನು ಅರ್ಜಿಯಲ್ಲಿ ಬರೆದಿದ್ದೀರಲ್ಲವೇ ಎಂದು ಕೇಳಿದಳು.

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಕೆಲವು ಕ್ಷಣ ಸುಮ್ಮನಿದ್ದು, “ಟಿಪಿಎಯವರ ಹತ್ತಿರ ಬಿಪಿ ವಿಷಯ ಸದ್ಯಕ್ಕೆ ಎತ್ತಬೇಡಿ” ಎಂದೆ. ಆಕೆ, “ಆಗಲೇ ಡಾಕ್ಟರಿಗೆ ಹೇಳಿದ್ದೇನೆ ಮೇಡಂ. ಹೃದಯದ ಡಾಕ್ಟರ ಮುಂದೆ ಅದನ್ನು ಮುಚ್ಚಿಡಲಾದೀತೇ?” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. ಸಿಟ್ಟಾಗಿದ್ದರೆ ನನಗೆ ಇಷ್ಟು ದಿನ ಚುಚ್ಚುತ್ತಿರಲಿಲ್ಲವೇನೋ.

ಮೇಷ್ಟ್ರು ಬದುಕಿಕೊಂಡರು. ಮೂರು ದಿನದ ಬಿಲ್ಲು 68,000 ಡಾಲರ್ ದಾಟಿತು. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ‘ರಕ್ತದೊತ್ತಡ, ಒಂಬತ್ತು ವರ್ಷ’ ಎಂದಿತ್ತು, ಅರ್ಜಿಯಲ್ಲಿ ‘ಇಲ್ಲ’ ಎಂದಿತ್ತು. ವಿಷಯ ಮರೆಮಾಚಲಾಗಿದೆ ಎಂಬ ಕಾರಣ ಕೊಟ್ಟು ಕಂಪನಿಯವರು ಕ್ಲೇಮನ್ನು ತಿರಸ್ಕರಿಸಿದರು. ಮಗಳು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದೊಡನೆ ತಿಂಗಳುಗಟ್ಟಲೆ ಮಾತಾಡಿ ಮೊತ್ತವನ್ನು ಇಳಿಸಿಕೊಂಡು ಕಂತು ಮಾಡಿಸಿಕೊಂಡಿದ್ದಾಳೆ. ಈ ವರ್ಷದ ಕೊಬ್ಬರಿಯ ದುಡ್ಡು ಎಲ್ಲಿಗೆ ಹೋಯಿತೆಂದು ಮೇಷ್ಟ್ರು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಈಗ ನಾನು ‘ಕಾಯಿಲೆ ಇದೆಯೇ’ ಎಂದು ಕೇಳುವುದೇ ಇಲ್ಲ. ನಮ್ಮ ಕಡೆಯವರಿಗೆ ಮಾತ್ರೆಯಿಂದ ಹತೋಟಿಯಲ್ಲಿರುವ ಬಿಪಿ, ಶುಗರ್, ಥೈರಾಯ್ಡ್ ಇವು ಕಾಯಿಲೆಗಳ ಲೆಕ್ಕಕ್ಕೇ ಬರುವುದಿಲ್ಲ. “ದಿನಾ ಯಾವ ಮಾತ್ರೆ ನುಂಗುತ್ತೀರಿ, ಸ್ಟ್ರಿಪ್ ತನ್ನಿ” ಎನ್ನುತ್ತೇನೆ. ವಯಸ್ಸಾದವರಿಗೆ ಮೊದಲು ಒಳಮಿತಿಗಳ ಕೋಷ್ಟಕವನ್ನು ತೋರಿಸಿ, ಆಮೇಲೆ ಪ್ರೀಮಿಯಂ ಹೇಳುತ್ತೇನೆ. ಪೂರ್ವ ಕಾಯಿಲೆಯ ರಕ್ಷಣೆ ಇದ್ದರೂ ಅದು ರೋಗಿಯ ಸ್ಥಿತಿ ಸ್ಥಿರವಾಗುವವರೆಗೆ ಮಾತ್ರ, ಅಲ್ಲಿ ಹೋಗಿ ಮಂಡಿ ಚಿಕಿತ್ಸೆ ಮಾಡಿಸಿಕೊಳ್ಳಲು ಅಲ್ಲ ಎಂಬುದನ್ನೂ ಹೇಳುತ್ತೇನೆ. ಪಾಲಿಸಿಯ ಒಂದು ಪ್ರತಿ ಮತ್ತು ಸಹಾಯವಾಣಿ ಸಂಖ್ಯೆ ಅಲ್ಲಿರುವ ಮಕ್ಕಳ ಫೋನಿಗೆ ಹೋಗದೆ ಫೈಲ್ ಮುಚ್ಚುವುದಿಲ್ಲ. ಇದರಿಂದ ಒಬ್ಬ ಗಿರಾಕಿಗೆ ನಲವತ್ತು ನಿಮಿಷ ಹಿಡಿಯುತ್ತದೆ. ಕೌಂಟರ್ ನಿಧಾನವಾಯಿತೆಂದು ಯಜಮಾನರು ಗೊಣಗುತ್ತಾರೆ. ಪೋರ್ಟಲ್‌ನಲ್ಲಿ ಕರ್ಸರ್ ಈಗಲೂ ‘ಇಲ್ಲ’ ಎಂಬುದರ ಮೇಲೆಯೇ ಬಂದು ನಿಲ್ಲುತ್ತದೆ. ಅದನ್ನು ಬದಲಿಸಿರೆಂದು ಪೋರ್ಟಲಿನವರಿಗೆ ಎರಡು ಬಾರಿ ದೂರು ದಾಖಲಿಸಿದೆ, ಎರಡು ಬಾರಿಯೂ ‘ಪರಿಹರಿಸಲಾಗಿದೆ’ ಎಂದು ಮುಚ್ಚಿದರು.

ಕಂಪನಿಯ ದೂರು ವಿಭಾಗದಲ್ಲಿಯೂ ಕೆಲಸವಾಗದೆ ಮೇಷ್ಟ್ರು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಬರೆದಿದ್ದಾರೆ. ವಿಮಾ ಕಂಪನಿಗಳ ಮೇಲಿನ ಗ್ರಾಹಕರ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ ಅವರು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅರ್ಜಿ ತುಂಬುವಾಗ ಆ ಪ್ರಶ್ನೆಯನ್ನು ತಮಗೆ ಸರಿಯಾಗಿ ಕೇಳಲಿಲ್ಲವೆಂದು ನನ್ನಿಂದ ಒಂದು ಹೇಳಿಕೆ ಬೇಕೆಂದರು. ಕಚೇರಿಯ ಲೆಟರ್‌ಹೆಡ್ ಮುಟ್ಟಕೂಡದೆಂದು ಯಜಮಾನರು ಖಡಾಖಂಡಿತವಾಗಿ ಹೇಳಿದರು. ನಾನು ಬಿಳಿ ಹಾಳೆಯ ಮೇಲೆ ನಡೆದದ್ದನ್ನು ಬರೆದು ಸಹಿ ಹಾಕಿ ತಿಪಟೂರಿನ ಬಸ್ಸು ಹತ್ತಿದೆ. ಮೇಷ್ಟ್ರು ಹಾಳೆಯನ್ನು ಎರಡು ಸಲ ಓದಿ, ಕೆಂಪು ಪೆನ್ನು ತೆಗೆದು ಒಂದು ಒತ್ತಕ್ಷರ ತಿದ್ದಿ, ಇನ್ನೊಂದು ಪ್ರತಿ ಬರೆದುಕೊಡು ಎಂದರು.