ಐಬಿಸ್‌ಬಿಲ್ ನೋಡಬೇಕಾ? ತಿಂಗಳು ಆಮೇಲೆ, ಮೊದಲು ಎತ್ತರ ಕೇಳಿ

ಹಕ್ಕಿ ನೋಡುವವರನ್ನು, ಫೋಟೊ ತೆಗೆಯುವವರನ್ನು ಸಣ್ಣ ಗುಂಪು ಕಟ್ಟಿ ಶಿವಮೊಗ್ಗದಿಂದ ಹೊರಡಿಸುವುದು ನನ್ನ ಕೆಲಸ. ಮಳೆಗಾಲಕ್ಕೆ ತುಂಗೆಯ ದಂಡೆಯ ಮಂಡಗದ್ದೆ ಪಕ್ಷಿಧಾಮ, ಚಳಿಗಾಲಕ್ಕೆ ಉತ್ತರಾಖಂಡ. ಉತ್ತರಾಖಂಡ ಅಂದ ಕೂಡಲೇ ಎಲ್ಲರ ಪಟ್ಟಿಯ ತಲೆಯಲ್ಲಿ ಐಬಿಸ್‌ಬಿಲ್ ಎಂಬ ಹೊಳೆದಂಡೆಯ ಹಕ್ಕಿ. ಅದರ ಬೆನ್ನಿಗೇ ಪ್ರಶ್ನೆ: "ಸಾರ್, ಅದು ಯಾವ ತಿಂಗಳು ಬರುತ್ತೆ?"

ಹಾಗೆ ಕೇಳುವುದು ಸಹಜವೇ. ಮಲೆನಾಡಿನವರು ಕಂಡ ವಲಸೆ ಬೂದು ಸಿಪಿಲೆ (ಗ್ರೇ ವ್ಯಾಗ್‌ಟೇಲ್) ಹಕ್ಕಿಯದ್ದು. ಮಳೆ ಹಿಂದೆ ಸರಿದಂತೆ ಹಿಮಾಲಯದ ಕಡೆಯಿಂದ ಬಂದು ತೋಟದ ಹಳ್ಳದಲ್ಲಿ ಬಾಲ ಕುಣಿಸುತ್ತದೆ, ಬೇಸಿಗೆಗೆ ಹೊರಟುಬಿಡುತ್ತದೆ. ಐಬಿಸ್‌ಬಿಲ್ ಹಾಗೆ ದಕ್ಷಿಣಕ್ಕೆ ಬರುವ ಪೈಕಿಯಲ್ಲ, ಬೆಟ್ಟ ಇಳಿದು ಹತ್ತುವ ಪೈಕಿ. ಮರಿ ಮಾಡುವುದು ಸುಮಾರು 1,700ರಿಂದ 4,400 ಮೀಟರ್ ಎತ್ತರದ ನದಿ ಕಣಿವೆಗಳಲ್ಲಿ, ಉರುಟುಕಲ್ಲಿನ ದಿಬ್ಬಗಳ ಮೇಲೆ. ಚಳಿ ಏರಿದರೆ ಅದೇ ಬೆಟ್ಟಸಾಲಿನ ಬುಡದ ಹೊಳೆಗಳಿಗೆ ಇಳಿಯುತ್ತದೆ. ಮೇಲೆ ನೀರು ಹೆಪ್ಪುಗಟ್ಟದ ಕಡೆ ಕೆಲವು ಅಲ್ಲೇ ಉಳಿದುಬಿಡುವುದೂ ಉಂಟು. ಇದನ್ನು ವಿವರಿಸಲು ನನಗೆ ಆಗುಂಬೆ ಘಾಟಿ ಸಾಕು: 14 ತಿರುವು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಸ್ವೆಟರ್ ಬಿಚ್ಚಬೇಕು, ಬಂದ ದೂರ ಮಾತ್ರ ಕೆಲವೇ ಕಿಲೋಮೀಟರ್.

ನಾವು ಹೋಗುವುದು ಕಾರ್ಬೆಟ್ ಪಕ್ಕದ ರಾಮನಗರಕ್ಕೆ, ಕೋಸಿ ನದಿ ದಂಡೆಗೆ. (ರಣಹದ್ದಿನ ನಮ್ಮ ರಾಮನಗರ ಅಲ್ಲ ಅಂತ ಪ್ರತಿ ಸಲ ಹೇಳಬೇಕಾಗುತ್ತದೆ.) ಹೋಟೆಲ್ ಬುಕ್ ಆದ ಮೇಲೂ ಅಲ್ಲಿನ ಡ್ರೈವರ್‌ಗೆ ಫೋನ್ ಮಾಡಿ ಕೇಳುವುದು ಒಂದೇ ಮಾತು: "ಹೊಳೆಯಲ್ಲಿ ಕಲ್ಲು ಕಾಣ್ತಿದೆಯಾ?" ಹಕ್ಕಿ ಬಂದಿದೆಯಾ ಅಂತ ಕೇಳಿದರೆ ಯಾರಾದರೂ ಹೂಂ ಅಂದುಬಿಡುತ್ತಾರೆ. ಕಲ್ಲಿನ ವಿಷಯದಲ್ಲಿ ಸುಳ್ಳು ಹೇಳಿ ಯಾರಿಗೂ ಲಾಭವಿಲ್ಲ.

ಕಲ್ಲೇ ಯಾಕೆ ಅಂದರೆ, ಅದರ ಊಟ ಇರುವುದು ಕಲ್ಲಿನಡಿ. ಹೊಟ್ಟೆ ಮುಟ್ಟುವ ನೀರಿಗೂ ಇಳಿದು, ಬಾಗಿದ ಉದ್ದ ಕೊಕ್ಕನ್ನು ಉರುಟುಕಲ್ಲಿನ ಕೆಳಗೆ ಓರೆಯಾಗಿ ತೂರಿಸಿ ತಡಕುತ್ತದೆ, ಮೇಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಕೀಟಗಳ ಮರಿಹುಳುಗಳನ್ನು ಎಳೆದು ತಿನ್ನುತ್ತದೆ. ನೀರು ಏರಿ ಕಲ್ಲು ಮುಳುಗಿದರೆ ಆ ಜಾಗದಲ್ಲಿ ಅದಕ್ಕೆ ಕೆಲಸವಿಲ್ಲ. ಮಂಡಗದ್ದೆಯಲ್ಲಿ ತುಂಗೆಯ ಮಟ್ಟ ನೋಡದೆ ಗುಂಪು ಕರೆದೊಯ್ಯುವವರು ಯಾರೂ ಇಲ್ಲ, ಇಲ್ಲೂ ಅಷ್ಟೇ.

ಜಾಗ ಸರಿಯಿದ್ದರೂ ಕಣ್ಣಿಗೆ ಬೀಳುವುದು ತಡ. ಕೆಂಪು ಕೊಕ್ಕು, ಕಪ್ಪು ಮುಖ, ಎದೆಗೆ ಕಪ್ಪು ಪಟ್ಟಿ. ಫೋಟೊದಲ್ಲಿ ನೋಡಿದವರು ಮೈಲಿ ದೂರದಿಂದಲೇ ಕಾಣುತ್ತೆ ಅಂದುಕೊಂಡು ಬಂದಿರುತ್ತಾರೆ. ಮೈಯೆಲ್ಲ ಬೂದು, ಸುತ್ತಲೂ ಬೂದು ಕಲ್ಲು, ತಲೆ ತಗ್ಗಿಸಿ ನಿಂತರೆ ಮುಗಿಯಿತು. ಚಳಿಗಾಲದಲ್ಲಿ ಕೊಕ್ಕಿನ ಕೆಂಪೂ ಮಂಕು. ಅದಕ್ಕೇ ಬೈನಾಕ್ಯುಲರ್ ಅತ್ತಿತ್ತ ಓಡಿಸಬೇಡಿ, ಒಂದೇ ಕಲ್ಲುದಿಬ್ಬದ ನೀರಂಚಿನ ಮೇಲೆ ನಿಲ್ಲಿಸಿ ಕಾಯಿರಿ ಅನ್ನುತ್ತೇನೆ. ಕಲ್ಲೊಂದು ನಡೆದಾಡಿದಾಗ ಗುಂಪಿನಲ್ಲಿ ಯಾರಾದರೂ ಕೂಗುತ್ತಾರೆ. ಕೂಗಬೇಡಿ ಅಂತ ಮೊದಲೇ ಹೇಳಿದ್ದರೂ.

ಕಷ್ಟ ಬರುವುದು ಏಪ್ರಿಲ್, ಮೇ ಬುಕಿಂಗ್‌ನಲ್ಲಿ. ಮಕ್ಕಳಿಗೆ ರಜೆ, ಕುಟುಂಬಕ್ಕೆಲ್ಲ ಪುರುಸೊತ್ತು, ಹಕ್ಕಿ ಮಾತ್ರ ಮೇಲೆ ಹತ್ತಿ ಗೂಡಿನ ಕೆಲಸದಲ್ಲಿರುತ್ತದೆ. ಗೂಡು ಅಂದರೆ ಕಲ್ಲುಗಳ ನಡುವಿನ ಸಣ್ಣ ತಗ್ಗು, ಮೊಟ್ಟೆಯೂ ಕಲ್ಲಿನ ಹಾಗೇ ಕಾಣುವಂಥದ್ದು. ಅಲ್ಲಿ ಗುಂಪು ನಡೆಸಿದರೆ ಯಾರ ಬೂಟು ಎಲ್ಲಿ ಬೀಳುತ್ತದೋ. ಆ ತಿಂಗಳುಗಳಲ್ಲಿ ಐಬಿಸ್‌ಬಿಲ್ ಹೆಸರಿನಲ್ಲಿ ಮುಂಗಡ ತೆಗೆದುಕೊಳ್ಳುವುದಿಲ್ಲ. ಕೆಲವರು ಮುನಿಸಿಕೊಂಡು ಬೇರೆಯವರ ಜೊತೆ ಹೋಗುತ್ತಾರೆ, ಹೋಗಲಿ.