ಬ್ರೂಸ್ ಸ್ಲಾಸ್ ಜೀವನಪಟ್ಟಿ: ಕೆಲಸ ಎಲ್ಲಿಗೆ ಬಂತು

ಬ್ರೂಸ್ ಸ್ಲಾಸ್ ಆಸ್ಟ್ರೇಲಿಯನ್ ಫುಟ್ಬಾಲ್ ಆಟಗಾರ, ಮೊದಲ ಮಹಾಯುದ್ಧದಲ್ಲಿ ಮಡಿದವನು. ಅವನ ಬದುಕಿನ ದಿನಾಂಕವಾರು ಪಟ್ಟಿಯ ಎರಡೂ ತುದಿ ಈಗ ಗಟ್ಟಿಯಾಗಿವೆ. ಹುಟ್ಟಿದ್ದು 1889ರ ಜನವರಿ 21. ಫ್ರಾನ್ಸಿನ ಆರ್ಮೆಂಟಿಯರ್ಸ್‌ನಲ್ಲಿ ಶೆಲ್ ಬಿದ್ದು ತೀರಿಕೊಂಡದ್ದು 1917ರ ಜನವರಿ 4. ಇಸವಿಯಲ್ಲಿ ಇಸವಿ ಕಳೆದರೆ 28 ಬರುತ್ತದೆ, ಆದರೆ 28 ತುಂಬಲು ಇನ್ನೂ 17 ದಿನ ಇತ್ತು. ಪಟ್ಟಿಯಲ್ಲಿ ವಯಸ್ಸು 27 ಎಂದೇ ಇರಬೇಕು.

ಕ್ಲಬ್ಬುಗಳ ಕ್ರಮ: ಎಸೆಂಡನ್, ಬ್ರೈಟನ್, 1910ರಿಂದ 1914ರವರೆಗೆ ಸೌತ್ ಮೆಲ್ಬರ್ನ್. ಬ್ರೈಟನ್ ಆಡುತ್ತಿದ್ದದ್ದು ವಿಕ್ಟೋರಿಯನ್ ಫುಟ್ಬಾಲ್ ಲೀಗಿನಲ್ಲಲ್ಲ, ವಿಕ್ಟೋರಿಯನ್ ಫುಟ್ಬಾಲ್ ಅಸೋಸಿಯೇಷನ್ ಎಂಬ ಬೇರೆ ಸ್ಪರ್ಧೆಯಲ್ಲಿ. ಲೀಗಿನ ಅಂಕಿಪಟ್ಟಿಯನ್ನಷ್ಟೇ ನೋಡಿದರೆ ನಡುವೆ ಆಟವನ್ನೇ ಬಿಟ್ಟಿದ್ದ ಹಾಗೆ ಕಾಣುತ್ತದೆ.

ಹೆಚ್ಚು ಹೊತ್ತು ಹಿಡಿಯುತ್ತಿರುವುದು ಹಳೆಯ ಪತ್ರಿಕೆಗಳು. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಜಾಲತಾಣದಲ್ಲಿ ಸ್ಕ್ಯಾನ್‌ಗಳು ಉಚಿತ, ಆದರೆ ಹುಡುಕಾಟ ನಡೆಯುವುದು ಯಂತ್ರ ಓದಿದ ಪಠ್ಯದಲ್ಲಿ. ಇಂಗ್ಲಿಷ್ ಹೆಸರಿನ 'ಎಲ್' ಅಕ್ಷರ 'ಐ' ಅಥವಾ 'ಟಿ' ಆಗಿಬಿಟ್ಟರೆ ಸ್ಲಾಸ್ ಸಿಗುವುದೇ ಇಲ್ಲ. ಆ ತಪ್ಪು ರೂಪಗಳನ್ನೂ ಕೊಟ್ಟು ಹುಡುಕಬೇಕು. ಶನಿವಾರದ ಪಂದ್ಯದ ವರದಿ ಮೆಲ್ಬರ್ನಿನ 'ಆರ್ಗಸ್' ಪತ್ರಿಕೆಯಲ್ಲಿ ಬರುತ್ತಿದ್ದದ್ದು ಸೋಮವಾರ. ಪತ್ರಿಕೆಯ ತಾರೀಖನ್ನೇ ಪಂದ್ಯದ ತಾರೀಖು ಎಂದು ಇಳಿಸಿಕೊಂಡರೆ ಇಡೀ ಋತು ಎರಡು ದಿನ ಜಾರುತ್ತದೆ.

ಅಂಕಿ ತಪ್ಪಿದ್ದರೆ ಹಿಡಿಯಲು ಸ್ಕೋರೇ ಸಹಾಯಕ್ಕೆ ಬರುತ್ತದೆ. ಗೋಲಿಗೆ 6 ಅಂಕ, ಸ್ವಲ್ಪದರಲ್ಲಿ ಗೋಲು ತಪ್ಪಿದ ಬಿಹೈಂಡಿಗೆ 1; 6.9 (45) ಎಂದರೆ 6 ಗೋಲು, 9 ಬಿಹೈಂಡ್, ಒಟ್ಟು 45. 1914ರ ಸೆಪ್ಟೆಂಬರ್ 26ರ ಗ್ರ್ಯಾಂಡ್ ಫೈನಲ್: ಕಾರ್ಲ್ಟನ್ 6.9 (45), ಸೌತ್ ಮೆಲ್ಬರ್ನ್ 4.15 (39). 4×6=24, ಜೊತೆಗೆ 15, ಒಟ್ಟು 39; ಸರಿ. ಪಠ್ಯದಲ್ಲಿ 4.13 ಎಂದಿದ್ದರೆ 37 ಆಗುತ್ತದೆ, ಕೂಡಲೇ ಸ್ಕ್ಯಾನ್ ತೆರೆಯಬೇಕು. ಪಂದ್ಯದ ನಾಲ್ಕು ಕ್ವಾರ್ಟರುಗಳ (ಕಾಲು ಭಾಗಗಳ) ಕೊನೆಯಲ್ಲಿ ಕೊಡುವ ಅಂಕಗಳು ಕೂಡುತ್ತಾ ಹೋಗುವಂಥವು, ಆದ್ದರಿಂದ ಹಿಂದಿನದಕ್ಕಿಂತ ಮುಂದಿನದು ಕಡಿಮೆಯಾಗಲಾರದು. ಆ ಫೈನಲ್ ಲೆಕ್ಕ ಹಾಕುವಾಗಲೆಲ್ಲ ಹೊಟ್ಟೆ ಉರಿಯುತ್ತದೆ: ಸೌತ್‌ಗೆ 19 ಅವಕಾಶ, ಕಾರ್ಲ್ಟನ್‌ಗೆ 15. ಒಂದು ಬಿಹೈಂಡ್ ಗೋಲಾಗಿದ್ದರೂ 44, ಆಗಲೂ ಒಂದು ಅಂಕದ ಸೋಲು. ಗೆಲ್ಲಲು ಎರಡು ಬೇಕಿತ್ತು.

ಸ್ಲಾಸ್‌ನ ಸೇನಾ ಕಡತ ಆಸ್ಟ್ರೇಲಿಯದ ರಾಷ್ಟ್ರೀಯ ಪತ್ರಾಗಾರದ ಬಿ2455 ಸರಣಿಯಲ್ಲಿ ಹುಡುಕಬೇಕಾದದ್ದು. ಇಂಥ ಕಡತಗಳಲ್ಲಿ ಸೈನಿಕನ ವರ್ಗಾವಣೆ, ಗಾಯ, ಸಾವು ದಾಖಲಾಗುವ ಬಿ103 ಹಾಳೆಯಲ್ಲಿ ಎರಡು ತಾರೀಖಿನ ಕಾಲಂ ಇರುತ್ತವೆ: ಎಡಗಡೆ ವರದಿ ತಲುಪಿದ ದಿನ, ಬಲಗಡೆ ಘಟನೆ ನಡೆದ ದಿನ. ಅವಸರದಲ್ಲಿ ಎಡಗಡೆಯದನ್ನು ಬರೆದುಕೊಳ್ಳುವವರೇ ಹೆಚ್ಚು. ನಮ್ಮ ಪಟ್ಟಿಗೆ ಬೇಕಾದದ್ದು ಬಲಗಡೆಯದು.

1916ರ ಲೀಗಿನಲ್ಲಿ ಹುಡುಕಿ ಉಪಯೋಗವಿಲ್ಲ. ಆ ವರ್ಷ ಆಡಿದ್ದು ನಾಲ್ಕೇ ತಂಡ, ಸೌತ್ ಮೆಲ್ಬರ್ನ್ ಅದರಲ್ಲಿಲ್ಲ. ಆ ವರ್ಷಕ್ಕೆ ಪಟ್ಟಿಯಲ್ಲಿರುವ ಪಂದ್ಯ ಒಂದೇ, ಅದೂ ಲಂಡನ್ನಿನದು: ಅಕ್ಟೋಬರ್ 28, ಕ್ವೀನ್ಸ್ ಕ್ಲಬ್. ಸ್ಲಾಸ್ ನಾಯಕತ್ವದ ಆಸ್ಟ್ರೇಲಿಯ ಸೇನೆಯ ಮೂರನೇ ಡಿವಿಷನ್ 6.16 (52), ತರಬೇತಿ ದಳಗಳು 4.12 (36). ಸ್ಲಾಸ್ ತಂಡದ ಕಡುನೀಲಿ ಅಂಗಿಯ ಮೇಲೆ ಬಿಳಿ ಆಸ್ಟ್ರೇಲಿಯ ನಕ್ಷೆ. ಅದಾಗಿ 68ನೇ ದಿನಕ್ಕೆ ಪಟ್ಟಿ ಮುಗಿಯುತ್ತದೆ.

ಮುಂದಿನ ಸರದಿ 1912ರ ಗ್ರ್ಯಾಂಡ್ ಫೈನಲ್: ಎಸೆಂಡನ್ 5.17 (47), ಸೌತ್ ಮೆಲ್ಬರ್ನ್ 4.9 (33). ಒಟ್ಟು ಕೂಡುತ್ತದೆ, ಕ್ವಾರ್ಟರುಗಳನ್ನು ಸ್ಕ್ಯಾನ್ ಜೊತೆ ತಾಳೆ ನೋಡುವುದು ಬಾಕಿ.