ಗೇರಿನಲ್ಲಿದ್ದರೂ ಜಾರಿದ ಕಾರು

18 ಆಗಸ್ಟ್ 2024, ಭಾನುವಾರ
ಚಿಕ್ಕಮಗಳೂರು

ರಾತ್ರಿ ಹತ್ತೂವರೆ. ಅಮ್ಮ ಮಲಗಿದ್ದಾರೆ, ನನಗೆ ನಿದ್ದೆ ಹತ್ತುತ್ತಿಲ್ಲ. ಬೆಳಿಗ್ಗೆ ನಡೆದದ್ದನ್ನು ಇವತ್ತೇ ಬರೆದಿಡಬೇಕು. ನಾಳೆಗೆ ಬಿಟ್ಟರೆ "ಏನೂ ಆಗಲಿಲ್ಲವಲ್ಲ" ಅಂತ ಮನಸ್ಸು ಸಮಾಧಾನ ಮಾಡಿಕೊಂಡುಬಿಡುತ್ತೆ.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬಕ್ಕೆ ಅಕ್ಕನ ಮನೆಗೆ ಹೋಗಲು ಆಗಿರಲಿಲ್ಲ. ಅದಕ್ಕೇ ಇವತ್ತು ಅಮ್ಮನನ್ನು ಕೂರಿಸಿಕೊಂಡು ಹೊರಟೆ. ಆಲ್ದೂರು ದಾಟಿ ಒಳಗೆ ಹೋಗಬೇಕು. ಟಾರು ಮುಗಿದ ಮೇಲೆ ಗಳು ಅಡ್ಡ ಹಾಕಿದ ಗೇಟು, ಅಂದರೆ ಉಣುಗೋಲು, ಆಮೇಲೆ ತೋಟದ ನಡುವೆ ಮಣ್ಣಿನ ರಸ್ತೆ. ಕೊನೆಗೆ ಒಂದು ಗಟ್ಟಿ ಏರು. ಏರಿನ ತುದಿಯಲ್ಲಿ ಮನೆ, ಬುಡದಲ್ಲಿ ಕಾಫಿ ಒಣಗಿಸುವ ಕಣ. ಎಡಕ್ಕೆ ಆಳೆತ್ತರದ ಮಣ್ಣಿನ ದಿಬ್ಬ, ಅಂದರೆ ಧರೆ, ಬಲಕ್ಕೆ ತೋಟ ಕೆಳಗಿಳಿಯುತ್ತೆ.

ಅಂಗಳದಲ್ಲಿ ಭಾವನ ಪಿಕಪ್ ನಿಂತಿತ್ತು. ಹಾಗಾಗಿ ನಾನು ಏರಿನ ಅರ್ಧದಲ್ಲೇ ನಿಲ್ಲಿಸಿದೆ. ಮಳೆ ಜೋರಾಗಿತ್ತು, ಅಮ್ಮ ಆಗಲೇ ಕೊಡೆ ಬಿಚ್ಚುತ್ತಿದ್ದರು. ಎರಡನೇ ಗೇರಿನಲ್ಲಿ ಬಂದಿದ್ದೆ. ಕೀಲಿ ತಿರುಗಿಸಿ ಇಂಜಿನ್ ಆರಿಸಿದೆ, ಗೇರನ್ನು ಹಾಗೇ ಬಿಟ್ಟು ಕ್ಲಚ್‌ನಿಂದ ಕಾಲು ತೆಗೆದೆ. ಕಾರು ಒಮ್ಮೆ ಹಿಂದಕ್ಕೆ ಜಗ್ಗಿ ನಿಂತಿತು. ನಿಂತಿದೆಯಲ್ಲ ಅಂತ ಇಳಿದೆ. ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ.

ಯಾಕೆ ಎಳೆಯಲಿಲ್ಲ ಅನ್ನುವುದೇ ನಾನು ಬರೆಯಬೇಕಾದ ವಿಷಯ. ಅವಸರ ಒಂದು ಕಾರಣ ಇರಬಹುದು, ಆದರೆ ಮುಖ್ಯ ಕಾರಣ ಅಭ್ಯಾಸ. ಎರಡು ವರ್ಷದ ಹಿಂದೆ, ಇಂಥದೇ ಮಳೆಗಾಲದಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು ಹತ್ತು ದಿನ ಕಾರನ್ನು ಶೆಡ್ಡಿನಲ್ಲೇ ಬಿಟ್ಟಿದ್ದೆ. ತೆಗೆಯಲು ಹೋದರೆ ಹಿಂದಿನ ಚಕ್ರ ತಿರುಗಲೇ ಇಲ್ಲ. ತೇವಕ್ಕೆ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ ತುಕ್ಕು ಹಿಡಿದು, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಅದಕ್ಕೆ ಅಂಟಿಕೊಂಡಿತ್ತು. ಮೆಕ್ಯಾನಿಕ್ ಬಂದು ಡ್ರಮ್ಮಿಗೆ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದರು. "ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕ್ಬೇಡಿ ಮೇಡಂ, ಗೇರಲ್ಲಿ ಬಿಡಿ ಸಾಕು" ಅಂದರು. ನಮ್ಮ ಕಡೆ ಎಷ್ಟೋ ಜನ ಹೀಗೇ ಮಾಡುತ್ತಾರೆ. ಸಮತಟ್ಟಾದ ಶೆಡ್ಡಿಗೆ ಆ ಮಾತು ಸರಿಯೇ. ಏರಿಗೆ ಅದು ಸಲ್ಲುವುದಿಲ್ಲ. ನಾನು ಆ ವ್ಯತ್ಯಾಸ ಯೋಚಿಸದೆ ಎಲ್ಲ ಕಡೆಗೂ ಅದನ್ನೇ ಪಾಲಿಸಿಕೊಂಡು ಬಂದೆ.

ಒಳಗೆ ಕಾಫಿ ಕುಡಿಯುತ್ತಾ ಕೂತಿದ್ದೆವು. ಅಕ್ಕ ಪತ್ರೊಡೆ ಬೇಯಲು ಇಟ್ಟಿದ್ದಳು. ಮಳೆ ಸ್ವಲ್ಪ ನಿಂತಿತ್ತು. ಅಕ್ಕನ ಮಗಳು ಪುಟ್ಟಿ ಏರಿನ ಕೆಳಗೆ, ಕಣದ ಹತ್ತಿರ ಹರಿಯುವ ನೀರಿಗೆ ಕಾಗದದ ದೋಣಿ ಬಿಡುತ್ತಿದ್ದಳು. ಹೊರಗಿನಿಂದ ಭಾವನ ಕೂಗು ಕೇಳಿಸಿತು.

"ಪುಟ್ಟೀ, ಈ ಕಡೆ ಬಾ! ಧರೆ ಹತ್ತು!"

ನಾನು ಓಡಿ ಹೊರಗೆ ಬರುವಷ್ಟರಲ್ಲಿ ಭಾವ ಬಚ್ಚಲ ಒಲೆಯ ಪಕ್ಕದಲ್ಲಿದ್ದ ಕಲ್ಲನ್ನು ಎತ್ತಿಕೊಂಡು ಹೋಗಿ ಹಿಂದಿನ ಚಕ್ರಕ್ಕೆ ಒತ್ತಿ ಕೊಟ್ಟಾಗಿತ್ತು. ಅವರ ಪಂಚೆ ಮೊಣಕಾಲಿನವರೆಗೆ ಕೆಸರು. "ಏನ್ ಮಾರಾಯ್ತಿ, ಹ್ಯಾಂಡ್‌ಬ್ರೇಕ್ ಎಳ್ದಿಲ್ವಾ?" ಅಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪುಟ್ಟಿ ಧರೆಯ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ನನ್ನ ಕೈಕಾಲು ತಣ್ಣಗಾದವು.

ಆಮೇಲೆ ಭಾವ ನನ್ನನ್ನು ಕರೆದು ಮುಂದಿನ ಚಕ್ರದ ಗುರುತು ತೋರಿಸಿದರು. ಅದನ್ನು ಮರೆಯುವುದಕ್ಕೆ ಆಗುವುದಿಲ್ಲ. ಕಾರು ಒಂದೇ ಸಲ ಜಾರಿರಲಿಲ್ಲ. ಹಸಿ ಮಣ್ಣಿನಲ್ಲಿ ಅರ್ಧ ಗೇಣಿಗೊಂದು ಅಚ್ಚು ಆಳವಾಗಿ ಬಿದ್ದಿತ್ತು. ನಿಂತಿದೆ, ಜರುಗಿದೆ, ಮತ್ತೆ ನಿಂತಿದೆ. ಎಣಿಸಿದೆ, ಹನ್ನೊಂದು ಅಚ್ಚು. ಸುಮಾರು ನಾಲ್ಕು ಅಡಿ. ನಾವು ಒಳಗೆ ಮಾತಾಡುತ್ತಿದ್ದಾಗ ಅದು ಸದ್ದಿಲ್ಲದೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟಿದೆ.

ಗೇರಿನಲ್ಲಿ ಬಿಟ್ಟ ಕಾರನ್ನು ಹಿಡಿದಿರುವುದು ಇಂಜಿನ್ನಿನೊಳಗೆ ಸಿಕ್ಕಿಕೊಂಡ ಗಾಳಿ. ಸಿಲಿಂಡರಿನಲ್ಲಿ ಪಿಸ್ಟನ್ ಆ ಗಾಳಿಯನ್ನು ಒತ್ತಬೇಕು, ಗಾಳಿ ತಿರುಗಿ ತಳ್ಳುತ್ತೆ, ಅದಕ್ಕೇ ಚಕ್ರ ನಿಲ್ಲುತ್ತೆ. ಆದರೆ ಆ ಗಾಳಿ ಪಿಸ್ಟನ್ ಸುತ್ತಲಿನ ರಿಂಗಿನ ಸಂದಿಯಲ್ಲಿ ನಿಧಾನಕ್ಕೆ ಸೋರುತ್ತೆ. ನನ್ನ ಕಾರಿಗೆ ಹನ್ನೊಂದು ವರ್ಷ, ರಿಂಗು ಸವೆದಿರುತ್ತೆ. ಸೋರಿ ಮುಗಿದ ಕೂಡಲೇ ಇಂಜಿನ್ ಅರ್ಧ ಸುತ್ತು ತಿರುಗಿ, ಮುಂದಿನ ಸಿಲಿಂಡರ್ ಹಿಡಿದುಕೊಳ್ಳುತ್ತೆ. ಅದೂ ಸೋರುತ್ತೆ. ಮಣ್ಣಿನ ಮೇಲಿನ ಒಂದೊಂದು ಅಚ್ಚೂ ಒಂದೊಂದು ಸಿಲಿಂಡರ್ ಕೈಬಿಟ್ಟ ಗುರುತು.

ಅದರ ಮೇಲೆ ನಾನು ಬಿಟ್ಟದ್ದು ಎರಡನೇ ಗೇರಿನಲ್ಲಿ. ಸಣ್ಣ ಕಾರುಗಳಲ್ಲಿ ಮೊದಲನೇ ಗೇರಿನಲ್ಲಿ ಚಕ್ರ ಒಂದು ಸುತ್ತು ಬರಬೇಕಾದರೆ ಇಂಜಿನ್ ಹೆಚ್ಚುಕಡಿಮೆ 14 ಸುತ್ತು ತಿರುಗಬೇಕು. ಎರಡನೇ ಗೇರಿನಲ್ಲಿ 8 ಸುತ್ತು ಸಾಕು. ಇಂಜಿನ್ ಹೆಚ್ಚು ಸುತ್ತು ತಿರುಗಬೇಕಾದಷ್ಟೂ ಚಕ್ರದ ಮೇಲೆ ಅದರ ಹಿಡಿತ ಗಟ್ಟಿ. ಅಂದರೆ ಹಿಡಿತ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಏರಿಗೆ ಮುಖ ಮಾಡಿದ್ದರೆ ಮೊದಲನೇ ಗೇರು, ಇಳಿಜಾರಿಗೆ ಮುಖ ಮಾಡಿದ್ದರೆ ರಿವರ್ಸ್. ಹೀಗೆ ಹಾಕಿದ್ದರೆ ಕ್ಲಚ್ ಒತ್ತದೆ ಯಾರಾದರೂ ಕೀಲಿ ತಿರುಗಿಸಿದರೂ ಗಾಡಿ ಏರಿನ ಕಡೆಗೇ ಜಗ್ಗುತ್ತೆ.

ಇನ್ನೊಂದು ವಿಷಯ ಇವತ್ತೇ ನನಗೆ ತಲೆಗೆ ಹೋಗಿದ್ದು. ನನ್ನ ಕಾರಿನಲ್ಲಿ ಗೇರು ಹಿಡಿಯುವುದು ಮುಂದಿನ ಎರಡು ಚಕ್ರಗಳನ್ನು, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡನ್ನು. ಎರಡೂ ಹಾಕಿದರೆ ಮಾತ್ರ ನಾಲ್ಕು ಚಕ್ರಕ್ಕೂ ಹಿಡಿತ. ಮುಂದಿನ ಚಕ್ರಗಳ ನಡುವೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಅನ್ನುವ ಗೇರಿನ ಜೋಡಣೆ ಇದೆ, ಹಾಗಾಗಿ ಒಂದು ಚಕ್ರ ಕೊಳೆತ ಎಲೆಯ ಮೇಲೆ ಜಾರಿದರೆ ಇನ್ನೊಂದರ ಹಿಡಿತವೂ ಹೋಗುತ್ತೆ. ಹ್ಯಾಂಡ್‌ಬ್ರೇಕ್ ಹಾಗಲ್ಲ, ಹಿಂದಿನ ಎರಡು ಚಕ್ರಗಳನ್ನೂ ಬೇರೆ ಬೇರೆಯಾಗಿ ಹಿಡಿಯುತ್ತೆ. ಆದರೆ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಭಾರವೆಲ್ಲ ಮುಂದಕ್ಕೆ ಬಿದ್ದು ಹಿಂದಿನ ಚಕ್ರ ಹಗುರಾಗುತ್ತೆ. ಆಗ ಹ್ಯಾಂಡ್‌ಬ್ರೇಕಿನ ಬಲವೂ ಕಡಿಮೆ.

ಭಾವ ಅವರ ಅಪ್ಪನ ಕಾಲದ ವಿಲ್ಲಿಸ್ ಜೀಪಿನ ಕತೆ ಹೇಳಿದರು. ಆ ಜೀಪಿನಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಇದ್ದದ್ದು ಚಕ್ರದಲ್ಲಲ್ಲ, ಗೇರ್‌ಬಾಕ್ಸಿನ ಹಿಂದೆ. ಅದು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತಿತ್ತು. ಹಿಂದಿನ ಚಕ್ರಗಳ ನಡುವೆಯೂ ಡಿಫರೆನ್ಷಿಯಲ್ ಇತ್ತು. ಪಂಕ್ಚರ್ ಹಾಕಲು ಜಾಕ್ ಕೊಟ್ಟು ಹಿಂದಿನ ಒಂದು ಚಕ್ರ ಎತ್ತಿದರೆ ಮುಗಿಯಿತು, ಹ್ಯಾಂಡ್‌ಬ್ರೇಕೂ ಗೇರೂ ಎರಡೂ ಕೆಲಸಕ್ಕೆ ಬಾರವು, ಜೀಪು ಉರುಳುತ್ತಿತ್ತು. "ಅದಕ್ಕೇ ಅಪ್ಪ ಮೊದಲು ಕಲ್ಲು ಕೊಡು, ಆಮೇಲೆ ಜಾಕ್ ಮುಟ್ಟು ಅಂತಿದ್ರು" ಅಂದರು. ಹೊಸ ಕಾರುಗಳಲ್ಲಿ ಹಿಲ್ ಹೋಲ್ಡ್ ಇರುತ್ತಲ್ವಾ ಅಂತ ಅಕ್ಕ ಕೇಳಿದಳು. ಅದು ಏರಿನಲ್ಲಿ ಹೊರಡುವಾಗ ಎರಡು ಮೂರು ಸೆಕೆಂಡು ಹಿಡಿಯುತ್ತೆ ಅಷ್ಟೆ. ನಿಲ್ಲಿಸಿ ಹೋಗಲು ಅದನ್ನು ನಂಬುವ ಹಾಗಿಲ್ಲ.

ಊಟ ಆದ ಮೇಲೆ ಭಾವ ನನ್ನಿಂದ ಅದೇ ಏರಿನಲ್ಲಿ ಮೂರು ಸಲ ಕಾರು ನಿಲ್ಲಿಸಿಸಿದರು. ಕಾಲಿನ ಬ್ರೇಕ್ ಒತ್ತಿ ಹಿಡಿ, ನ್ಯೂಟ್ರಲ್ ಮಾಡು, ಹ್ಯಾಂಡ್‌ಬ್ರೇಕ್ ಎಳೆ. ಈಗ ಕಾಲನ್ನು ನಿಧಾನಕ್ಕೆ ಬಿಡು, ಗಾಡಿಯ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ. ಕೂತಿತಾ? ಆಮೇಲೆ ಇಂಜಿನ್ ಆರಿಸು, ಕ್ಲಚ್ ಒತ್ತಿ ಮೊದಲನೇ ಗೇರ್ ಹಾಕಿ ಬಿಡು. ಮೊದಲೇ ಗೇರ್ ಹಾಕಿಬಿಟ್ಟರೆ ಭಾರವೆಲ್ಲ ಗೇರಿನ ಹಲ್ಲಿನ ಮೇಲೆ ಕೂತು, ತೆಗೆಯುವಾಗ ಗೇರು ಬಿಗಿಯಾಗುತ್ತೆ. ಇಷ್ಟು ಮಾಡಲು ಎರಡನೇ ಸಲಕ್ಕೇ ಅರ್ಧ ನಿಮಿಷ ಹಿಡಿಯಲಿಲ್ಲ. ಮಳೆಯಲ್ಲಿ ನನಗೆ ಆ ಅರ್ಧ ನಿಮಿಷ ಇರಲಿಲ್ಲವಾ ಅಂತ ಈಗಲೂ ಅನ್ನಿಸುತ್ತಿದೆ.

ಸ್ಟೀರಿಂಗ್ ಬಗ್ಗೆಯೂ ಹೇಳಿದರು. ನಾನು ಚಕ್ರ ನೇರ ಬಿಟ್ಟಿದ್ದೆ, ಕಾರಿನ ಹಿಂಭಾಗ ಸೀದಾ ಕಣಕ್ಕೆ ಗುರಿ ಇಟ್ಟಿತ್ತು. ಎಡಕ್ಕೆ ಪೂರ್ತಿ ತಿರುಗಿಸಿ ಬಿಟ್ಟಿದ್ದರೆ ಜಾರಿದರೂ ಹಿಂಭಾಗ ಎಡಕ್ಕೆ ಹೋಗಿ ಧರೆಗೆ ಒರಗಿ ನಿಲ್ಲುತ್ತಿತ್ತು. ಬಂಪರ್ ನಜ್ಜುಗುಜ್ಜಾಗುತ್ತೆ, ಆಗಲಿ. ಪೇಟೆಯಲ್ಲಿ ಎಡಕ್ಕೆ ಫುಟ್‌ಪಾತಿನ ಕಲ್ಲು ಇದ್ದರೆ ಲೆಕ್ಕ ಬೇರೆ. ಏರಿಗೆ ಮುಖ ಇದ್ದಾಗ ಬಲಕ್ಕೆ ತಿರುಗಿಸಬೇಕು, ಹಿಂದೆ ಜಾರಿದ ತಕ್ಷಣ ಮುಂದಿನ ಎಡ ಟೈರಿನ ಹಿಂಭಾಗ ಕಲ್ಲಿಗೆ ಕಚ್ಚಿಕೊಳ್ಳುತ್ತೆ. ಇಳಿಜಾರಿಗೆ ಮುಖ ಇದ್ದರೆ ಎಡಕ್ಕೆ.

ಕಲ್ಲು ಕೊಡುವುದರಲ್ಲೂ ಕ್ರಮ ಇದೆ. ಟೈರಿಗೂ ಕಲ್ಲಿಗೂ ಬೆರಳು ತೂರುವಷ್ಟು ಸಂದಿಯೂ ಇರಬಾರದು. ಸಂದಿ ಇದ್ದರೆ ಗಾಡಿ ಓಟ ಕಿತ್ತು ಕಲ್ಲನ್ನೇ ಹತ್ತಿ ದಾಟುತ್ತೆ. ಗುಂಡುಕಲ್ಲು ಬೇಡ, ಉರುಳುತ್ತೆ. ಹೋಗುವಾಗ ಕಲ್ಲನ್ನು ರಸ್ತೆಯಿಂದ ತೆಗೆದು ಪಕ್ಕಕ್ಕೆ ಇಡಬೇಕು. ಇದನ್ನು ನಾನು ಕೋಪದಿಂದಲೇ ಬರೆಯುತ್ತಿದ್ದೇನೆ. ಮುಳ್ಳಯ್ಯನಗಿರಿ ರಸ್ತೆಯಲ್ಲಿ ತಿರುವಿನಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆದು, ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆ ಮಧ್ಯೆಯೇ ಬಿಟ್ಟು ಹೋಗುತ್ತಾರೆ. ಮಂಜಿನಲ್ಲಿ ಬರುವ ಬೈಕಿನವರಿಗೆ ಅದು ಕಾಣುವುದೇ ಇಲ್ಲ.

ಹೊರಡುವ ಹೊತ್ತಿಗೆ ಭಾವ ಸಿಲ್ವರ್ ಓಕಿನ ಒಂದು ತುಂಡನ್ನು ಓರೆಯಾಗಿ ಕೊಯ್ದು ತಂದರು. ಅದಕ್ಕೆ ಮೊಳೆ ಹೊಡೆದು ಒಂದು ಮಾರು ಹಗ್ಗ ಕಟ್ಟಿದ್ದರು. ಲಾರಿ ಕ್ಲೀನರ್‌ಗಳು ಹೀಗೇ ಇಟ್ಟುಕೊಳ್ಳುತ್ತಾರಂತೆ, ಚಕ್ರದ ಹತ್ತಿರ ಕೈ ಹಾಕದೆ ಪಕ್ಕದಿಂದಲೇ ಹಗ್ಗ ಜಗ್ಗಿ ತೆಗೆಯಬಹುದು. ನಾನು ಮೊದಲನೇ ಗೇರಿನಲ್ಲಿ ಒಂದು ಗೇಣು ಮುಂದಕ್ಕೆ ಹೋದೆ. ಧರೆಯ ಕಡೆ ನಿಂತಿದ್ದ ಭಾವ ಹಗ್ಗ ಎಳೆದರು. ಪುಟ್ಟಿ ಜಗಲಿಯ ಮೇಲಿದ್ದಳು, ಅಕ್ಕ ಅವಳ ಕೈ ಹಿಡಿದಿದ್ದಳು.

ಬರುವಾಗ ಹ್ಯಾಂಡ್‌ಬ್ರೇಕ್ ಎಳೆದು ಕ್ಲಿಕ್ ಎಣಿಸಿದೆ. ಹನ್ನೆರಡು. ಕಂಪನಿಯ ಪುಸ್ತಕ ತೆಗೆದು ನೋಡಿದರೆ ಅಷ್ಟು ಇರಬಾರದು. ಕೇಬಲ್ ಸಡಿಲ ಆಗಿದೆ, ಬ್ರೇಕ್ ಶೂವಿನ ಲೈನರ್ ಸವೆದಿರಲೂಬಹುದು. ಅಂದರೆ ಬೆಳಿಗ್ಗೆ ಎಳೆದಿದ್ದರೂ ಪೂರ್ತಿ ಹಿಡಿಯುತ್ತಿತ್ತೋ ಇಲ್ಲವೋ. ನಾಳೆ ಬೆಳಿಗ್ಗೆಯೇ ಗ್ಯಾರೇಜಿಗೆ ಬಿಡಬೇಕು, ಡ್ರಮ್ ಬಿಚ್ಚಿ ತೋರಿಸಿ ಅಂತ ಹೇಳಬೇಕು.

ಈಗ ಕಾರು ಶೆಡ್ಡಿನಲ್ಲಿದೆ. ಇಲ್ಲಿ ನೆಲ ಸಮ, ಹೊರಗೆ ಮತ್ತೆ ಮಳೆ ಶುರುವಾಗಿದೆ. ಮೊದಲನೇ ಗೇರು ಹಾಕಿದ್ದೇನೆ, ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೇನೆ. ಮುಂದಿನ ಚಕ್ರಕ್ಕೆ ಒಂದು ಇಟ್ಟಿಗೆ, ಹಿಂದಿನದಕ್ಕೆ ಭಾವ ಕೊಟ್ಟ ಮರದ ತುಂಡು.